ಕಡಿಮೆ ಟೂರ್ನಿ, ಕಾಯ್ದ ಹದ: ಗ್ರ್ಯಾಂಡ್ ಸ್ಲ್ಯಾಂಗೆ ಮುನ್ನ ಹಿರಿಯ ಟೆನಿಸ್ ಆಟಗಾರರ ವೇಳಾಪಟ್ಟಿ

ಸಾರಾಂಶ

ಮೂವತ್ತೈದರ ಆಸುಪಾಸಿನಲ್ಲಿರುವ ಟೆನಿಸ್ ಆಟಗಾರರು ಗ್ರ್ಯಾಂಡ್ ಸ್ಲ್ಯಾಂ ಟೂರ್ನಿಗಳಿಗೆ ಮುಂಚಿನ ವಾರಗಳನ್ನು ಹೇಗೆ ಯೋಜಿಸಿಕೊಳ್ಳುತ್ತಾರೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ರೋಜರ್ ಫೆಡರರ್, ರಫೆಲ್ ನಡಾಲ್, ನೊವಾಕ್ ಜೊಕೊವಿಚ್, ಸೆರೆನಾ ವಿಲಿಯಮ್ಸ್ ಮತ್ತು ರೋಹನ್ ಬೋಪಣ್ಣ ಅವರ 2017ರಿಂದ 2025ರವರೆಗಿನ ಆಯ್ದ ಋತುಗಳು ಇಲ್ಲಿನ ಅಧ್ಯಯನ ಸಾಮಗ್ರಿ. ಯಶಸ್ಸು ಬಂದದ್ದು ಬರೀ ವಿಶ್ರಾಂತಿಯಿಂದಲ್ಲ. ಟೂರ್ನಿಗಳ ಸಂಖ್ಯೆಯನ್ನು ಇಳಿಸಿಯೂ ಮುಖ್ಯ ಟೂರ್ನಿಯ ಹೊಸ್ತಿಲಲ್ಲಿ ಕೆಲವು ತೀವ್ರ ಪಂದ್ಯಗಳನ್ನು ಉಳಿಸಿಕೊಂಡಿದ್ದರಿಂದ ಎಂಬುದು ಲೇಖನದ ಪ್ರತಿಪಾದನೆ. ಹೀಗೆ ಆಯ್ದು ಆಡುವ ಅವಕಾಶ ಎಲ್ಲ ಹಿರಿಯರಿಗೂ ಸಮನಾಗಿ ಸಿಗುವುದಿಲ್ಲ ಎಂಬ ಅಂಶವನ್ನೂ ಕೊನೆಯಲ್ಲಿ ಚರ್ಚಿಸಲಾಗಿದೆ.

1. ಪೀಠಿಕೆ

ಟೆನಿಸ್‌ನಲ್ಲಿ ದೀರ್ಘಾಯುಷ್ಯ ಹೊಸ ಸಂಗತಿಯಲ್ಲ. ಆಸ್ಟ್ರೇಲಿಯಾದ ಕೆನ್ ರೋಸ್‌ವಾಲ್ 1972ರಲ್ಲಿ 37ನೇ ವಯಸ್ಸಿನಲ್ಲಿ ಆಸ್ಟ್ರೇಲಿಯಾ ಓಪನ್ ಗೆದ್ದರು. 1974ರಲ್ಲಿ 39ರ ಹರೆಯದಲ್ಲಿ ವಿಂಬಲ್ಡನ್ ಮತ್ತು ಅಮೆರಿಕ ಓಪನ್ ಎರಡರಲ್ಲೂ ಫೈನಲ್ ತಲುಪಿದರು. ಜಿಮ್ಮಿ ಕಾನರ್ಸ್ 1991ರಲ್ಲಿ 39ನೇ ವಯಸ್ಸಿಗೆ ಅಮೆರಿಕ ಓಪನ್ ಸೆಮಿಫೈನಲ್ ಆಡಿದರು. ಇಂಥವು ಆಗ ಅಪರೂಪದ ಸಾಧನೆಗಳೆನಿಸಿದ್ದವು. ಕಳೆದ ದಶಕದಲ್ಲಿ 35 ದಾಟಿದವರು ಮತ್ತೆ ಮತ್ತೆ ಪ್ರಶಸ್ತಿ ಎತ್ತಿದ್ದಾರೆ. ಇದಕ್ಕೆ ವೈದ್ಯಕೀಯ ನೆರವು, ಆಹಾರ, ಸಲಕರಣೆಗಳಂಥ ಅನೇಕ ಕಾರಣಗಳಿವೆ. ಆದರೆ ಆಟಗಾರನ ಕೈಯಲ್ಲೇ ಇರುವ, ಅಧ್ಯಯನಕ್ಕೆ ಸಾಕಷ್ಟು ಒಳಪಡದ ಕಾರಣವೊಂದಿದೆ: ಎಲ್ಲಿ ಆಡಬೇಕು, ಎಲ್ಲಿ ಆಡಬಾರದು ಎಂಬ ನಿರ್ಧಾರ.

ಗ್ರ್ಯಾಂಡ್ ಸ್ಲ್ಯಾಂ ಗೆಲ್ಲಲು ಸಿಂಗಲ್ಸ್‌ನಲ್ಲಿ ಏಳು ಪಂದ್ಯ ಗೆಲ್ಲಬೇಕು. ಪುರುಷರಿಗೆ ಅವೆಲ್ಲ ಐದು ಸೆಟ್‌ಗಳ ಪಂದ್ಯಗಳು. ಸುಮಾರು ಎರಡು ವಾರಗಳಲ್ಲಿ, ನಡುನಡುವೆ ಒಂದೊಂದು ದಿನದ ಬಿಡುವಿನೊಂದಿಗೆ ಇದನ್ನು ಸಾಧಿಸಬೇಕು. ಇಪ್ಪತ್ತೆರಡರ ದೇಹ ಒಂದೇ ರಾತ್ರಿಯಲ್ಲಿ ಚೇತರಿಸಿಕೊಳ್ಳುವ ದಣಿವು ಮೂವತ್ತಾರರ ದೇಹದಲ್ಲಿ ಮುಂದಿನ ಪಂದ್ಯದವರೆಗೂ ಉಳಿಯುತ್ತದೆ. ಆದ್ದರಿಂದ ಟೂರ್ನಿಯ ಮೊದಲ ದಿನ ಆಟಗಾರ ಎಂಥ ಸ್ಥಿತಿಯಲ್ಲಿ ಅಂಕಣಕ್ಕಿಳಿಯುತ್ತಾನೆ ಎಂಬುದು ಹಿರಿಯರ ಪಾಲಿಗೆ ಹೆಚ್ಚು ನಿರ್ಣಾಯಕ.

2. ಪರಿಕಲ್ಪನೆ: ದಣಿವು, ಹದ, ಶ್ರೇಯಾಂಕ

ಹಿರಿಯ ಆಟಗಾರನ ವೇಳಾಪಟ್ಟಿ ಮೂರು ಲೆಕ್ಕಗಳ ನಡುವಿನ ಹೊಂದಾಣಿಕೆ. ಮೊದಲನೆಯದು ದಣಿವು. ವಯಸ್ಸಾದಂತೆ ವೇಗದ ಸ್ನಾಯು ತಂತುಗಳು ಕ್ಷೀಣಿಸುತ್ತವೆ. ಸ್ನಾಯುರಜ್ಜುಗಳು ಚೇತರಿಸಿಕೊಳ್ಳಲು ಹೆಚ್ಚು ಕಾಲ ಬೇಕಾಗುತ್ತದೆ. ಎರಡನೆಯದು ಪಂದ್ಯದ ಹದ. ಅಭ್ಯಾಸದಲ್ಲಿ ಎಷ್ಟೇ ಚೆಂಡು ಹೊಡೆದರೂ ಬ್ರೇಕ್ ಪಾಯಿಂಟ್ ಎದುರಿಸುವ ಒತ್ತಡ, ಎದುರಾಳಿಯ ಸರ್ವ್ ಓದುವ ಚುರುಕು, ಅಂಕಣದ ಪುಟಿತಕ್ಕೆ ಕಾಲು ಹೊಂದುವ ಬಗೆ ನಿಜವಾದ ಪಂದ್ಯಗಳಲ್ಲೇ ಕುದುರಬೇಕು. ಮೂರನೆಯದು ಶ್ರೇಯಾಂಕ. ಅದನ್ನು ಬಹುಪಾಲು ನಿರ್ಧರಿಸುವ ರ್ಯಾಂಕಿಂಗ್ ನಿಲ್ಲುವುದು ಹಿಂದಿನ 52 ವಾರಗಳ ಅಂಕಗಳ ಮೇಲೆ. ಆಡದ ಟೂರ್ನಿಯಿಂದ ಅಂಕ ಬಾರದು, ಅಂಕ ಕುಸಿದರೆ ಆರಂಭದ ಸುತ್ತುಗಳಲ್ಲೇ ಬಲಿಷ್ಠರು ಎದುರಾಗುತ್ತಾರೆ.

ಮುಖ್ಯ ಸ್ಪರ್ಧೆಗೆ ಮುನ್ನ ತರಬೇತಿಯನ್ನು ಇಳಿಸುವ ಕ್ರಮದ ಬಗ್ಗೆ ಕ್ರೀಡಾವಿಜ್ಞಾನದಲ್ಲಿ ಗಟ್ಟಿ ನೆಲೆಯಿದೆ. ಬಾಸ್ಕೆ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಸಮಗ್ರ ವಿಶ್ಲೇಷಣೆಯ ಪ್ರಕಾರ, ಸುಮಾರು ಎರಡು ವಾರಗಳ ಅವಧಿಯಲ್ಲಿ ತರಬೇತಿಯ ಪ್ರಮಾಣವನ್ನು ಶೇ 41ರಿಂದ 60ರಷ್ಟು ತಗ್ಗಿಸಿ, ತೀವ್ರತೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಾಗ ಉತ್ತಮ ಫಲ ದೊರೆಯುತ್ತದೆ. ಆ ವಿಶ್ಲೇಷಣೆಯ ಆಧಾರ ಈಜು, ಓಟ, ಸೈಕ್ಲಿಂಗ್‌ನಂಥ ಕ್ರೀಡೆಗಳು. ಅಲ್ಲಿ ಸ್ಪರ್ಧೆಯ ದಿನಾಂಕ ಮೊದಲೇ ಗೊತ್ತಿರುತ್ತದೆ, ಭಾರವನ್ನು ಅಳೆದು ತಗ್ಗಿಸಬಹುದು. ಟೆನಿಸ್‌ನಲ್ಲಿ ಪೂರ್ವಸಿದ್ಧತಾ ಟೂರ್ನಿಗೆ ಹೋದವನು ಒಂದೇ ಪಂದ್ಯ ಆಡಿ ಹೊರಬೀಳಬಹುದು, ಐದು ಪಂದ್ಯ ಆಡಿ ಬಳಲಬಹುದು. ಹಿರಿಯರು ಎದುರಿಸುವ ಮೂಲ ಸಮಸ್ಯೆ ಈ ಅನಿಶ್ಚಿತತೆಯೇ.

3. ನಿಯಮಗಳ ಚೌಕಟ್ಟು

ಪುರುಷರ ಎಟಿಪಿ ಸರ್ಕಿಟ್‌ನಲ್ಲಿ ಒಂಬತ್ತು ಮಾಸ್ಟರ್ಸ್ 1000 ಟೂರ್ನಿಗಳಿವೆ. ಮಾಂಟೆ ಕಾರ್ಲೊ ಬಿಟ್ಟು ಉಳಿದ ಎಂಟು ಅರ್ಹ ಆಟಗಾರರಿಗೆ ಕಡ್ಡಾಯ. ಆದರೆ 600 ಪಂದ್ಯ, 12 ವರ್ಷಗಳ ಸೇವೆ, ಮೂವತ್ತು ದಾಟಿದ ವಯಸ್ಸು ಎಂಬ ಮೂರು ಮಾನದಂಡಗಳಲ್ಲಿ ಒಂದೊಂದನ್ನು ಪೂರೈಸಿದಾಗಲೂ ಈ ಕಟ್ಟುಪಾಡು ಸಡಿಲವಾಗುತ್ತದೆ; ಮೂರೂ ಪೂರೈಸಿದವರಿಗೆ ಪೂರ್ಣ ವಿನಾಯಿತಿ. ಫೆಡರರ್, ನಡಾಲ್, ಜೊಕೊವಿಚ್ ತಮಗೆ ಬೇಕಾದಲ್ಲಿ ಮಾತ್ರ ಆಡಲು ಸಾಧ್ಯವಾದದ್ದರ ಹಿಂದೆ ಈ ನಿಯಮವಿದೆ.

ಕ್ಯಾಲೆಂಡರ್ ಕೂಡ ಎರಡು ದಿಕ್ಕಿನಲ್ಲಿ ಬದಲಾಗಿದೆ. ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ನಡುವಿನ ಅಂತರ 2015ರಿಂದ ಎರಡು ವಾರದ ಬದಲು ಮೂರು ವಾರವಾಯಿತು. ಇದು ಹಿರಿಯರಿಗೆ ಅನುಕೂಲ. ಆದರೆ ಮ್ಯಾಡ್ರಿಡ್, ರೋಮ್ ಮತ್ತು ಶಾಂಘೈ 2023ರಲ್ಲಿ, ಕೆನಡಾ ಮತ್ತು ಸಿನ್ಸಿನಾಟಿ 2025ರಲ್ಲಿ ಹೆಚ್ಚು ದಿನಗಳ ಟೂರ್ನಿಗಳಾದವು. ಇದರಿಂದ ಅಮೆರಿಕ ಓಪನ್‌ಗೆ ಮುನ್ನ ಮನೆಯಿಂದ ದೂರ ಕಳೆಯಬೇಕಾದ ದಿನಗಳು ಹೆಚ್ಚಿದವು.

4. ಪ್ರಕರಣಗಳು

4.1 ಫೆಡರರ್: ಬಿಟ್ಟ ಋತು, ಉಳಿಸಿಕೊಂಡ ಪಂದ್ಯ

ಫೆಡರರ್ 2016ರ ವಿಂಬಲ್ಡನ್ ಸೆಮಿಫೈನಲ್ ನಂತರ ಆ ವರ್ಷದ ಆಟವನ್ನೇ ನಿಲ್ಲಿಸಿದರು. 2017ರ ಜನವರಿಯಲ್ಲಿ ಮರಳಿ ಆಸ್ಟ್ರೇಲಿಯಾ ಓಪನ್ ಗೆದ್ದಾಗ ‘ಆರು ತಿಂಗಳ ವಿಶ್ರಾಂತಿಯ ಫಲ’ ಎಂಬ ಮಾತು ಹರಡಿತು. ಅದು ಅರ್ಧ ಸತ್ಯ. ಮೆಲ್ಬರ್ನ್‌ಗೆ ಮುನ್ನ ಅವರು ಪರ್ತ್‌ನ ಹಾಪ್‌ಮನ್ ಕಪ್‌ನಲ್ಲಿ ಬೆಲಿಂಡಾ ಬೆನ್ಚಿಚ್ ಜೊತೆ ಸ್ವಿಟ್ಜರ್ಲೆಂಡ್ ಪರ ಆಡಿದ್ದರು. ಅದು ಗುಂಪು ಹಂತದ ಸ್ಪರ್ಧೆ. ಸೋತರೂ ಮೂರು ಸಿಂಗಲ್ಸ್ ಖಚಿತ. ಅಲೆಕ್ಸಾಂಡರ್ ಜ್ವೆರೆವ್ ಎದುರು ಮೂರೂ ಸೆಟ್ ಟೈಬ್ರೇಕರ್‌ಗೆ ಹೋದ ಪಂದ್ಯವನ್ನು ಅಲ್ಲಿ ಸೋತರು. ಆ ಸೋಲಿಗೆ ತೆತ್ತದ್ದೇನೂ ಇಲ್ಲ, ದೊರೆತ ಹದವೇ ಲಾಭ. 2018ರಲ್ಲೂ ಅದೇ ದಾರಿ ಹಿಡಿದು ಆಸ್ಟ್ರೇಲಿಯಾ ಓಪನ್ ಉಳಿಸಿಕೊಂಡರು. ಇದಕ್ಕೂ ಮೊದಲು ಆಂಡ್ರೆ ಅಗಾಸ್ಸಿ ಮೆಲ್ಬರ್ನ್‌ನ ಕೂಯಾಂಗ್ ಪ್ರದರ್ಶನ ಟೂರ್ನಿಯನ್ನು ಹೀಗೆಯೇ ಬಳಸಿಕೊಂಡಿದ್ದರು.

ಶ್ರೇಯಾಂಕದ ದಂಡವನ್ನೂ ಫೆಡರರ್ ತೆರಬೇಕಾಯಿತು. 2017ರ ಆಸ್ಟ್ರೇಲಿಯಾ ಓಪನ್‌ನಲ್ಲಿ ಅವರಿಗೆ ದೊರೆತದ್ದು 17ನೇ ಶ್ರೇಯಾಂಕ. ಪ್ರಶಸ್ತಿಗಾಗಿ ಬೆರ್ಡಿಕ್, ನಿಶಿಕೋರಿ, ವಾವ್ರಿಂಕಾ, ನಡಾಲ್ ಎಂಬ ಅಗ್ರ ಹತ್ತರ ನಾಲ್ವರನ್ನು ಸೋಲಿಸಬೇಕಾಯಿತು. ಅದೇ ವರ್ಷ ಇಂಡಿಯನ್ ವೆಲ್ಸ್ ಮತ್ತು ಮಯಾಮಿ ಗೆದ್ದ ಮೇಲೆ ಆವೆಮಣ್ಣಿನ ಋತುವನ್ನು ಪೂರ್ತಿ ಕೈಬಿಟ್ಟರು. ಹುಲ್ಲಿನ ಅಂಕಣಕ್ಕೆ ಬಂದವರು ಸ್ಟುಟ್‌ಗಾರ್ಟ್‌ನಲ್ಲಿ ಮೊದಲ ಪಂದ್ಯವನ್ನೇ ಟಾಮಿ ಹಾಸ್‌ಗೆ ಸೋತು, ಹಾಲೆಯಲ್ಲಿ ಐದು ಪಂದ್ಯ ಗೆದ್ದು ಪ್ರಶಸ್ತಿ ಪಡೆದರು. ಅಂದರೆ ವಿಂಬಲ್ಡನ್‌ಗೆ ಮುನ್ನ ಹುಲ್ಲಿನ ಮೇಲೆ ಆರು ಪಂದ್ಯ. ವಿಂಬಲ್ಡನ್ ಆಗ ಹುಲ್ಲಿನ ಅಂಕಣದ ಸಾಧನೆಗೆ ಹೆಚ್ಚು ತೂಕ ಕೊಡುತ್ತಿದ್ದುದರಿಂದ ವಿಶ್ವದ ಐದನೇ ಸ್ಥಾನದ ಫೆಡರರ್‌ಗೆ ಮೂರನೇ ಶ್ರೇಯಾಂಕ ಸಿಕ್ಕಿತು. ಒಂದೂ ಸೆಟ್ ಬಿಡದೆ ಎಂಟನೇ ವಿಂಬಲ್ಡನ್ ಗೆದ್ದರು.

ಆದರೆ ಆವೆಮಣ್ಣನ್ನು ಬಿಡುವುದೇ ಸೂತ್ರವಾಗಲಿಲ್ಲ. 2018ರಲ್ಲೂ ಬಿಟ್ಟರು, ಆದರೆ ಎರಡು ಸೆಟ್ ಮುಂದಿದ್ದು, ಮ್ಯಾಚ್ ಪಾಯಿಂಟ್ ಹೊಂದಿಯೂ ವಿಂಬಲ್ಡನ್ ಕ್ವಾರ್ಟರ್‌ಫೈನಲ್‌ನಲ್ಲಿ ಕೆವಿನ್ ಆಂಡರ್ಸನ್‌ಗೆ ಸೋತರು. 2019ರಲ್ಲಿ ಆವೆಮಣ್ಣಿಗೆ ಮರಳಿ ಫ್ರೆಂಚ್ ಓಪನ್ ಸೆಮಿಫೈನಲ್ ಆಡಿ, ಹಾಲೆ ಗೆದ್ದು, ವಿಂಬಲ್ಡನ್ ಫೈನಲ್‌ನಲ್ಲಿ 4 ಗಂಟೆ 57 ನಿಮಿಷ ಸೆಣಸಿದರು. ಮೂರೂ ವರ್ಷಗಳಲ್ಲಿ ಬದಲಾಗದೆ ಉಳಿದದ್ದು ಹುಲ್ಲಿನ ಮೇಲಿನ ಪೂರ್ವಸಿದ್ಧತೆ. ಅದಕ್ಕೆ ಮೊದಲಿನ ಭಾಗವನ್ನು ಆ ವರ್ಷದ ದೇಹಸ್ಥಿತಿ ನೋಡಿ ತೀರ್ಮಾನಿಸಿದರು.

2021 ಇದರ ಮತ್ತೊಂದು ಮುಖ. ಮೊಣಕಾಲ ಶಸ್ತ್ರಚಿಕಿತ್ಸೆಗಳ ನಂತರ ಮರಳಿದ ಫೆಡರರ್ ದೋಹಾ ಮತ್ತು ಜಿನೀವಾದಲ್ಲಿ ಬೇಗ ಸೋತರು. ಫ್ರೆಂಚ್ ಓಪನ್‌ನಲ್ಲಿ ಮೂರೂವರೆ ಗಂಟೆ ಮೀರಿದ ಮೂರನೇ ಸುತ್ತಿನ ಪಂದ್ಯ ಗೆದ್ದರೂ ವಿಂಬಲ್ಡನ್ ದೃಷ್ಟಿಯಿಂದ ಹಿಂದೆ ಸರಿದರು. ಹಾಲೆಯಲ್ಲೂ ಬೇಗ ಹೊರಬಿದ್ದು, ವಿಂಬಲ್ಡನ್ ಕ್ವಾರ್ಟರ್‌ಫೈನಲ್‌ನಲ್ಲಿ ಹುರ್ಕಾಜ್ ಎದುರು ಕೊನೆಯ ಸೆಟ್ಟನ್ನು 6-0ಯಿಂದ ಕಳೆದುಕೊಂಡರು. ಇಲ್ಲಿ ವಿಶ್ರಾಂತಿಯ ಕೊರತೆಯಿರಲಿಲ್ಲ. ಒಂದು ವರ್ಷಕ್ಕೂ ಮೀರಿದ ಬಿಡುವಿನಲ್ಲಿ ಕರಗಿದ ಹದವನ್ನು ಕೆಲವೇ ಪಂದ್ಯಗಳಿಂದ ತುಂಬಲಾಗಲಿಲ್ಲ.

4.2 ಸೆರೆನಾ ಮತ್ತು ನಡಾಲ್: ಸಣ್ಣ ಪ್ರಮಾಣ

ಸೆರೆನಾ ವಿಲಿಯಮ್ಸ್ 2016ರ ಅಮೆರಿಕ ಓಪನ್ ನಂತರ ಆಟ ನಿಲ್ಲಿಸಿ, 2017ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಎರಡೇ ಪಂದ್ಯ ಆಡಿ, ಎರಡನೆಯದನ್ನು ಸೋತು ಮೆಲ್ಬರ್ನ್‌ಗೆ ಬಂದರು. ಒಂದೂ ಸೆಟ್ ಬಿಡದೆ ಪ್ರಶಸ್ತಿ ಗೆದ್ದಾಗ ಅವರಿಗೆ 35 ವರ್ಷ. ನಡಾಲ್ ಪಾದದ ನೋವಿನಿಂದ 2021ರ ಆಗಸ್ಟ್‌ನಲ್ಲಿ ಋತು ಮುಗಿಸಿದರು; 2022ರ ಜನವರಿಯಲ್ಲಿ ಮೆಲ್ಬರ್ನ್‌ನ 250 ದರ್ಜೆಯ ಟೂರ್ನಿಯೊಂದನ್ನು, ಒಂದು ವಾಕ್‌ಓವರ್ ಪಡೆದು, ಮೂರೇ ಪಂದ್ಯದಲ್ಲಿ ಗೆದ್ದರು. ನಂತರ ಅದೇ ಊರಿನಲ್ಲಿ ಎರಡು ಸೆಟ್ ಹಿಂದಿದ್ದು ಮೆಡ್ವೆಡೆವ್ ಅವರನ್ನು 5 ಗಂಟೆ 24 ನಿಮಿಷಗಳ ಫೈನಲ್‌ನಲ್ಲಿ ಸೋಲಿಸಿದರು. ಎರಡೂ ಪ್ರಕರಣಗಳಲ್ಲಿ ಬಿಡುವು ದೀರ್ಘ, ಪೂರ್ವಸಿದ್ಧತೆ ಚಿಕ್ಕದು. ಆದರೆ ಅದು ಅದೇ ಬಗೆಯ ಅಂಕಣದಲ್ಲಿ ನಡೆದಿತ್ತು. ನಡಾಲ್‌ಗಂತೂ ಅದೇ ಊರಿನ ಬಿಸಿಲೂ ದೊರೆಯಿತು.

4.3 ಜೊಕೊವಿಚ್: ವಾದದ ಬಲ ಮತ್ತು ಮಿತಿ

ಜೊಕೊವಿಚ್ ಅನೇಕ ಸಲ ಹುಲ್ಲಿನ ಮೇಲೆ ಪೂರ್ವಸಿದ್ಧತಾ ಸಿಂಗಲ್ಸ್ ಆಡದೆಯೇ ವಿಂಬಲ್ಡನ್ ಗೆದ್ದಿದ್ದಾರೆ. 2021ರಲ್ಲಿ ಅವರು ಫ್ರೆಂಚ್ ಓಪನ್ ಗೆದ್ದು ಬಂದವರಾದ್ದರಿಂದ ಪಂದ್ಯಗಳ ಹದಕ್ಕೆ ಕೊರತೆಯಿರಲಿಲ್ಲ; ಮಯೋರ್ಕದಲ್ಲಿ ಡಬಲ್ಸ್ ಆಡಿ ಹುಲ್ಲಿಗೆ ಕಾಲು ಹೊಂದಿಸಿಕೊಂಡರು. 2023ರಲ್ಲಿ 36ನೇ ವಯಸ್ಸಿನಲ್ಲಿ ಟೊರಾಂಟೊ ಬಿಟ್ಟು ಸಿನ್ಸಿನಾಟಿಯನ್ನು ಮಾತ್ರ ಆಡಿ, ಅಲ್ಲಿ ಅಲ್ಕರಾಜ್ ಎದುರು ಬಳಲಿಸುವ ಫೈನಲ್ ಗೆದ್ದು, ಅಮೆರಿಕ ಓಪನ್ನನ್ನೂ ಗೆದ್ದರು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಚಿನ್ನ ಗೆದ್ದ ಮೇಲೆ ಗಟ್ಟಿ ಅಂಕಣದಲ್ಲಿ ಒಂದೂ ಟೂರ್ನಿ ಆಡದೆ ನ್ಯೂಯಾರ್ಕ್‌ಗೆ ಹೋಗಿ, ಮೂರನೇ ಸುತ್ತಿನಲ್ಲಿ ಪಾಪಿರಿನ್‌ಗೆ ಸೋತರು.

2025ರ ವಸಂತ ಇನ್ನೂ ಸ್ಪಷ್ಟ. ಮಾಂಟೆ ಕಾರ್ಲೊ ಮತ್ತು ಮ್ಯಾಡ್ರಿಡ್‌ನಲ್ಲಿ ಮೊದಲ ಪಂದ್ಯವನ್ನೇ ಸೋತ ಜೊಕೊವಿಚ್ ರೋಮ್ ಕೈಬಿಟ್ಟು, ವೈಲ್ಡ್ ಕಾರ್ಡ್ ಪಡೆದು ಜಿನೀವಾದ ಚಿಕ್ಕ ಟೂರ್ನಿಗೆ ಹೋದರು. ಅಲ್ಲಿ ತಮ್ಮ 100ನೇ ಪ್ರಶಸ್ತಿ ಗೆದ್ದು ಫ್ರೆಂಚ್ ಓಪನ್ ಸೆಮಿಫೈನಲ್‌ವರೆಗೆ ಸಾಗಿದರು. ಪಂದ್ಯಗಳ ಅಭಾವವನ್ನು ಗುರುತಿಸಿ ಕೊನೆಯ ವಾರದಲ್ಲಿ ಯೋಜನೆ ಬದಲಿಸಿದ ಈ ನಿರ್ಧಾರ ಹಿರಿಯ ಆಟಗಾರನ ವಿವೇಕಕ್ಕೆ ಉತ್ತಮ ಉದಾಹರಣೆ.

ಅದೇ ವರ್ಷ ಅವರು ವಿಂಬಲ್ಡನ್ ನಂತರ ಎಲ್ಲಿಯೂ ಆಡದೆ ಅಮೆರಿಕ ಓಪನ್‌ಗೆ ಇಳಿದು ಸೆಮಿಫೈನಲ್ ತಲುಪಿದ್ದು ನಮ್ಮ ವಾದಕ್ಕೆ ಮಿತಿ ಹಾಕುತ್ತದೆ. ಎರಡನೇ ಮತ್ತು ಮೂರನೇ ಸುತ್ತಿನಲ್ಲಿ ಒಂದೊಂದು ಸೆಟ್ ಬಿಟ್ಟುಕೊಟ್ಟು, ಟೂರ್ನಿಯ ಮೊದಲ ವಾರವನ್ನೇ ಹದ ಮಾಡಿಕೊಳ್ಳಲು ಬಳಸಿದರು ಎನ್ನಬಹುದು. ಅಂಥ ಅವಕಾಶ ಅವರ ಮಟ್ಟದ ಆಟಗಾರನಿಗೆ ಮಾತ್ರ ಇರುತ್ತದೆ.

5. ಡಬಲ್ಸ್‌ನ ದಾರಿ: ರೋಹನ್ ಬೋಪಣ್ಣ

ಕೊಡಗಿನಲ್ಲಿ ಬೆಳೆದ ಬೋಪಣ್ಣ ಅವರದು ಬೇರೆಯೇ ಮಾದರಿ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿದ್ದರೂ ಅಯ್ಯಂಗಾರ್ ಯೋಗದ ನೆರವಿನಿಂದ ಆಟ ಮುಂದುವರಿಸಿದ ಬಗೆಯನ್ನು ಅವರೇ ಹೇಳಿಕೊಂಡಿದ್ದಾರೆ. ಅವರು 2023ರಲ್ಲಿ 43ನೇ ವಯಸ್ಸಿಗೆ ಇಂಡಿಯನ್ ವೆಲ್ಸ್ ಗೆದ್ದರು. ಅದೇ ಸೆಪ್ಟೆಂಬರ್‌ನಲ್ಲಿ ಅಮೆರಿಕ ಓಪನ್ ಫೈನಲ್ ಆಡಿದ ಬೆನ್ನಿಗೆ ಲಖನೌದಲ್ಲಿ ಮೊರಾಕ್ಕೊ ಎದುರು ಆಡಿ ಡೇವಿಸ್ ಕಪ್‌ಗೆ ವಿದಾಯ ಹೇಳಿದರು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಅಡಿಲೇಡ್‌ನಲ್ಲಿ ಫೈನಲ್‌ವರೆಗೆ ಆಡಿ, ನಂತರ ಆಸ್ಟ್ರೇಲಿಯಾ ಓಪನ್ ಗೆದ್ದು, ಡಬಲ್ಸ್‌ನ ಅತಿ ಹಿರಿಯ ಅಗ್ರಸ್ಥಾನಿಯಾದರು.

ಡಬಲ್ಸ್‌ನಲ್ಲಿ ಆಟಗಾರ ಕಾಪಾಡಿಕೊಳ್ಳಬೇಕಾದ್ದು ತನ್ನ ಹದವನ್ನಷ್ಟೇ ಅಲ್ಲ, ಜೋಡಿಯ ಹೊಂದಾಣಿಕೆಯನ್ನೂ. ಓಟ ಕಡಿಮೆ, ಪಂದ್ಯ ಚಿಕ್ಕದು. ಆದ್ದರಿಂದ ಬೋಪಣ್ಣ ಟೂರ್ನಿಗಳನ್ನು ಬಿಡುವುದಕ್ಕಿಂತ ಅಭ್ಯಾಸದ ಭಾರವನ್ನು ತಗ್ಗಿಸಿ, ದೇಹ ಪೋಷಣೆಗೆ ಸಮಯ ಮೀಸಲಿಟ್ಟರು. ತೀವ್ರತೆಯನ್ನು ಉಳಿಸಿ ಪ್ರಮಾಣವನ್ನು ಇಳಿಸುವ ತತ್ವ ಇಲ್ಲೂ ಅದೇ. ಇಳಿಸಿದ ಜಾಗ ಮಾತ್ರ ಬೇರೆ.

6. ಚರ್ಚೆ

ಕೆಲವೇ ಅಸಾಧಾರಣ ಆಟಗಾರರ ಫಲಿತಾಂಶಗಳಿಂದ ಸಾರ್ವತ್ರಿಕ ನಿಯಮ ಕಟ್ಟಲಾಗದು. ಗೆದ್ದವರ ಯೋಜನೆಗಳೇ ನಮ್ಮ ಕಣ್ಣಿಗೆ ಬೀಳುತ್ತವೆ. ಸ್ಪೇನ್‌ನ ಫೆಲಿಸಿಯಾನೊ ಲೋಪೆಜ್ ಇದಕ್ಕೆ ವಿರುದ್ಧ ದಾರಿಯಲ್ಲಿ ನಡೆದರು: 2002ರ ಫ್ರೆಂಚ್ ಓಪನ್‌ನಿಂದ 2022ರ ಆಸ್ಟ್ರೇಲಿಯಾ ಓಪನ್‌ವರೆಗೆ ಸತತ 79 ಗ್ರ್ಯಾಂಡ್ ಸ್ಲ್ಯಾಂ ಆಡಿದರು, 2019ರಲ್ಲಿ 37ನೇ ವಯಸ್ಸಿಗೆ ಕ್ವೀನ್ಸ್ ಗೆದ್ದರು. ಸರ್ವ್ ಮಾಡಿ ನೆಟ್‌ಗೆ ನುಗ್ಗಿ ಅಂಕವನ್ನು ಬೇಗ ಮುಗಿಸುವ ಅವರ ಶೈಲಿ ದೇಹದ ಸವೆತವನ್ನು ತಡೆಯಿತು. ವೇಳಾಪಟ್ಟಿಯನ್ನು ಆಟದ ಶೈಲಿಯಿಂದ ಬೇರ್ಪಡಿಸಿ ನೋಡಬಾರದು.

ಇನ್ನೊಂದು ವಿಷಯ ನ್ಯಾಯದ್ದು. ಗ್ರ್ಯಾಂಡ್ ಸ್ಲ್ಯಾಂ ಸಿಂಗಲ್ಸ್‌ನ 128 ಸ್ಥಾನಗಳಲ್ಲಿ ಪುರುಷರಿಗೆ ರ್ಯಾಂಕಿಂಗ್ ಬಲದಿಂದ ನೇರ ಪ್ರವೇಶ ಸಿಗುವುದು 104 ಮಂದಿಗೆ. 95ನೇ ಸ್ಥಾನದಲ್ಲಿರುವ 35ರ ಆಟಗಾರ ಮೂರು ವಾರ ವಿರಮಿಸಿದರೆ ಅರ್ಹತಾ ಸುತ್ತಿಗೆ ಜಾರಬಹುದು. ಅಲ್ಲಿ ಮೂರು ಹೆಚ್ಚುವರಿ ಪಂದ್ಯ ಆಡಬೇಕು. 600 ಪಂದ್ಯಗಳ ಮಾನದಂಡ ಸಾಮಾನ್ಯವಾಗಿ ಅವನ ಕೈಗೆಟಕುವುದಿಲ್ಲ. ದೇಹ ಎಲ್ಲರದೂ ಒಂದೇ ಬಗೆಯಲ್ಲಿ ಮಾಗುತ್ತದೆ. ವಿಶ್ರಾಂತಿಯ ಸ್ವಾತಂತ್ರ್ಯ ಮಾತ್ರ ಗೆದ್ದವರ ಸ್ವತ್ತಾಗಿದೆ.

7. ಉಪಸಂಹಾರ

ಪರಿಶೀಲಿಸಿದ ಪ್ರಕರಣಗಳಿಂದ ಮೂರು ತೀರ್ಮಾನಗಳು ಹೊರಡುತ್ತವೆ. ಒಂದು, ಹಿರಿಯ ಆಟಗಾರ ಟೂರ್ನಿಗಳನ್ನು ಕಡಿತಗೊಳಿಸುವಾಗ ಮುಖ್ಯ ಟೂರ್ನಿಗೆ ದೂರದಲ್ಲಿರುವ, ಬೇರೆ ಬಗೆಯ ಅಂಕಣದ ವಾರಗಳಿಂದ ಆರಂಭಿಸುವುದು ಲೇಸು. ಎರಡು, ಮುಖ್ಯ ಟೂರ್ನಿಯ ಅಂಕಣದಲ್ಲೇ ಎರಡರಿಂದ ಆರು ಪೂರ್ಣ ತೀವ್ರತೆಯ ಪಂದ್ಯಗಳನ್ನು ಉಳಿಸಿಕೊಳ್ಳಬೇಕು. ಪಂದ್ಯಗಳ ಸಂಖ್ಯೆ ಖಚಿತವಿರುವ ಗುಂಪು ಹಂತದ ಸ್ಪರ್ಧೆ ಇದಕ್ಕೆ ಹೆಚ್ಚು ಸೂಕ್ತ. ಮೂರು, ಕಳೆದ ವರ್ಷ ಫಲಿಸಿದ ಯೋಜನೆಯನ್ನು ಈ ವರ್ಷದ ದೇಹದ ಮೇಲೆ ಹೇರಬಾರದು.

ನಮ್ಮ ತರಬೇತುದಾರರು ಹಿರಿಯ ಆಟಗಾರರ ಪಂದ್ಯ, ಪ್ರಯಾಣ ಮತ್ತು ನೋವಿನ ದಾಖಲೆಯನ್ನು ವಾರವಾರವೂ ಬರೆದಿಡಬೇಕು. ವಿನಾಯಿತಿಯ ನಿಯಮ ರೂಪಿಸುವವರು ಆಡಿದ ಪಂದ್ಯಗಳ ಎಣಿಕೆಗಿಂತ ವಯಸ್ಸಿಗೆ ಹೆಚ್ಚು ತೂಕ ಕೊಡಬೇಕು, ಹಿರಿಯರ ರ್ಯಾಂಕಿಂಗ್‌ಗೆ ಅಲ್ಪಾವಧಿಯ ವಿಶ್ರಾಂತಿಯಲ್ಲೂ ರಕ್ಷಣೆ ಒದಗಿಸಬೇಕು.