ಹೆಸರೊಂದು, ಹೂ ಎರಡು

ಸಾಗರದ ನಮ್ಮ ಮನೆಯಲ್ಲಿ ಬ್ರಹ್ಮಕಮಲ ಬಿರಿಯುವ ರಾತ್ರಿಯೆಂದರೆ ಹಬ್ಬ. ಜೋತುಬಿದ್ದ ಮೊಗ್ಗು ಕತ್ತೆತ್ತಿತೆಂದರೆ ಅಜ್ಜಿ "ಇವತ್ತೇ" ಎನ್ನುತ್ತಿದ್ದಳು. ಎಂಟು ಗಂಟೆಗೆಲ್ಲ ಕೇರಿಯವರು ಜಗಲಿಯಲ್ಲಿ ಸೇರುತ್ತಿದ್ದರು. ಬಿಳಿ ಎಸಳು ಬಿಚ್ಚಿಕೊಳ್ಳುತ್ತ ಬಂದಂತೆ ಪರಿಮಳ ನಡುಮನೆಯವರೆಗೂ ಬರುತ್ತಿತ್ತು. ಹೂವನ್ನು ಕೀಳಲು ಅಜ್ಜಿ ಯಾರಿಗೂ ಬಿಡಳು. ಕುಂಡಕ್ಕೇ ಅರಿಶಿನ ಕುಂಕುಮ, ಅಲ್ಲೇ ಆರತಿ. ಹೊರಡುವಾಗ ಎಲ್ಲರೂ ಕೇಳುತ್ತಿದ್ದುದು ಒಂದೇ: "ಒಂದು ಎಲೆ ಕೊಡಿ, ನೆಟ್ಕೋತೀವಿ." ಹಾಗೆ ನಮ್ಮ ಕುಂಡದಿಂದ ಅರ್ಧ ಕೇರಿಗೆ ಬ್ರಹ್ಮಕಮಲ ಹೋಗಿದೆ.

ಆ ಎಲೆ ಎಲೆಯಲ್ಲ, ಚಪ್ಪಟೆಯಾದ ಕಾಂಡ. ಗಿಡ ಮೆಕ್ಸಿಕೊ, ಗ್ವಾಟೆಮಾಲ ಕಡೆಯ ಕಳ್ಳಿಯ ಜಾತಿ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಹೆಸರಿನ ಮೂಲ ಒಡತಿಯನ್ನು, ಹಿಮಾಲಯದ ಬ್ರಹ್ಮಕಮಲವನ್ನು, ನೋಡಬೇಕೆಂಬ ಆಸೆ ಅಂದಿನಿಂದ. ಮೇಷ್ಟ್ರ ಕೆಲಸದಿಂದ ನಿವೃತ್ತಳಾದ ವರ್ಷ ಶ್ರಾವಣದಲ್ಲಿ ಉತ್ತರಾಖಂಡಕ್ಕೆ ಹೋದೆ. ಗೋವಿಂದಘಾಟ್, ಘಾಂಘರಿಯಾ ದಾಟಿ, ಹೇಮಕುಂಡದ ಕಡಿದಾದ ಏರಿನಲ್ಲಿ, ಸಮುದ್ರಮಟ್ಟದಿಂದ 4,000 ಮೀಟರಿಗೂ ಮೇಲೆ, ಮಂಜು ಸರಿದಾಗ ಕಲ್ಲುಗಳ ನಡುವೆ ಕಂಡಿತು. ಮೊಳಕಾಲಿಗೂ ಬಾರದ ಗಿಡ. ತುದಿಯಲ್ಲಿ ತಿಳಿಹಳದಿ ಬಣ್ಣದ, ಎಣ್ಣೆ ಹೀರಿದ ಕಾಗದದಂಥ ಎಸಳುಗಳ ದೊನ್ನೆ. ಬಗ್ಗಿ ಇಣುಕಿದೆ. ಎಸಳೆಂದುಕೊಂಡದ್ದು ಬರೀ ಹೊದಿಕೆ. ನಿಜವಾದ ಹೂಗಳು ಅದರೊಳಗೆ ಕಡುನೇರಳೆಯ ಪುಟ್ಟ ಗುಂಡುಗಳಾಗಿ, ಚಳಿಗೆ ಕಂಬಳಿ ಹೊದ್ದ ಮಕ್ಕಳಂತೆ ಒತ್ತೊತ್ತಾಗಿ ಕೂತಿದ್ದವು. ಸೂರ್ಯಕಾಂತಿಯ ಕುಟುಂಬದ ಗಿಡ ಇದು. ಹೊದಿಕೆ ಗಾಳಿಮಳೆಯನ್ನು ತಡೆದು ಒಳಗಿನ ಬಿಸುಪನ್ನು ಕಾಯುತ್ತದೆ.

ನನ್ನ ಚೀಲ ಹೊತ್ತಿದ್ದ ಹುಡುಗ, ನಾನು ಕೈ ಚಾಚಿದ್ದು ನೋಡಿ, "ಮಾತಾಜಿ, ನಂದಾಷ್ಟಮಿ ಆಗಿಲ್ಲ" ಎಂದ.

ಇಡೀ ಪಯಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಅದು. ನಂದಾದೇವಿ ಇಲ್ಲಿನ ಗಢವಾಲದವರಿಗೆ ಮನೆಮಗಳು. ತವರಿಂದ ಕೈಲಾಸಕ್ಕೆ, ಗಂಡನ ಮನೆಗೆ ಹೊರಡುವವಳು. ಭಾದ್ರಪದ ಶುಕ್ಲ ಅಷ್ಟಮಿ ಅವಳ ದಿನ. ನಮ್ಮಲ್ಲಿ ಗೌರಿ ತವರಿಗೆ ಬರುವುದು ಅದೇ ತಿಂಗಳ ತದಿಗೆಗೆ! ಹಲವು ಹಳ್ಳಿಗಳಲ್ಲಿ ಹೂ ತರುವವರು ಉಪವಾಸವಿದ್ದು, ಬರಿಗಾಲಲ್ಲಿ ಏರಿ, ರಿಂಗಾಲ್ ಬಿದಿರಿನ ಬುಟ್ಟಿಯಲ್ಲಿ ಬ್ರಹ್ಮಕಮಲ ಹೊತ್ತು ಇಳಿಯುತ್ತಾರೆ. ಅಲ್ಲಿಯವರೆಗೆ ಮುಟ್ಟುವಂತಿಲ್ಲ. ಅಷ್ಟರಲ್ಲಿ ಮುಂಚೆ ಅರಳಿದ ಗಿಡಗಳಿಗೆ ಬೀಜ ಕಟ್ಟಲು ಸಮಯ ಸಿಕ್ಕಿರುತ್ತದೆ. ಯಾರೂ ನೆಡದ ಈ ತೋಟವನ್ನು ಕಾದದ್ದು ಈ ಕಟ್ಟಳೆಯೇ ಎಂದು ನಾನು ನಂಬುತ್ತೇನೆ. 1931ರಲ್ಲಿ ಕಾಮೆಟ್ ಶಿಖರ ಏರಿ ಬಂದ ಫ್ರಾಂಕ್ ಸ್ಮೈತ್ ಪಕ್ಕದ ಹೂಕಣಿವೆಯನ್ನು ಕಂಡು, 1938ರ ಪುಸ್ತಕದಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದ. ನಂದೆಯ ಹರಕೆ ಹೊತ್ತವರಿಗೆ ಈ ಬೆಟ್ಟಗಳು ಅದಕ್ಕೂ ಎಷ್ಟೋ ಮೊದಲೇ ಗೊತ್ತಿದ್ದವು.

ಊರಿಗೆ ಬಂದು ಓದುವಾಗ ಇನ್ನೊಂದು ಸಂಗತಿ ಸಿಕ್ಕಿತು. ನಮ್ಮ ಕುಂಡದ ಕಳ್ಳಿಗೆ 1828ರಲ್ಲಿ ಶಾಸ್ತ್ರೀಯ ಹೆಸರಿಟ್ಟವನು ಜಿನೀವಾದ ಸಸ್ಯವಿಜ್ಞಾನಿ ದ ಕಾಂಡೋಲ್. 1830ರ ದಶಕದಲ್ಲಿ ಹಿಮಾಲಯದ ಈ ಗಿಡವನ್ನು ಶಾಸ್ತ್ರೀಯವಾಗಿ ವರ್ಣಿಸಿದವನೂ ಅವನೇ! ಅವನು ಬೇರೆ ಬೇರೆ ಹೆಸರಿಟ್ಟ ಎರಡನ್ನು ನಮ್ಮ ಜನ ಒಂದೇ ಹೆಸರಿನಲ್ಲಿ ಕರೆದು ಕೈ ಮುಗಿಯುತ್ತಿದ್ದಾರೆ.

1982ರಲ್ಲಿ ಅಂಚೆಚೀಟಿಯಲ್ಲಿ ಬಂದ ಹಿಮಾಲಯದ ಬ್ರಹ್ಮಕಮಲ ಇಂದು ಉತ್ತರಾಖಂಡದ ರಾಜ್ಯಪುಷ್ಪ. ಆ ಗೌರವವೇನೂ ಅದನ್ನು ಕಾಯಲಿಲ್ಲ. ಯಾತ್ರಿಕರಿಗೆ ಮಾರಲೆಂದು ಅಷ್ಟಮಿಗೆ ಮುಂಚೆಯೇ ಕೀಳುವುದು ನನಗೆ ಸಂಕಟ ತರುತ್ತದೆ. ಇದು ಎಲೆ ಮುರಿದು ಪಕ್ಕದ ಮನೆಗೆ ಕೊಡುವ ಗಿಡವಲ್ಲ. ನಮ್ಮ ಸೆಕೆಯಲ್ಲಿ ಬದುಕುವುದೂ ಇಲ್ಲ. ಗಢವಾಲದ ವಿಶ್ವವಿದ್ಯಾಲಯದ ಸಂಶೋಧಕರು ತುಂಗನಾಥದಷ್ಟು ಎತ್ತರದಲ್ಲಿ ನರ್ಸರಿ ಇಟ್ಟು ಅಲ್ಲಿನ ಅಪರೂಪದ ಗಿಡಗಳನ್ನು ಬೆಳೆಸುವುದು ಇದಕ್ಕೇ.

ಅಂದು ಬೆಟ್ಟ ಇಳಿಯುವಾಗ ಆ ಹುಡುಗನಿಗೆ ಮೊಬೈಲಿನಲ್ಲಿ ನಮ್ಮ ಮನೆಯ ಹೂ ತೋರಿಸಿ, ಇದಕ್ಕೂ ಇದೇ ಹೆಸರು ಎಂದೆ. ಅವನು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ.

"ಇದನ್ನ ಯಾವ ದೇವಿಗೆ ಏರಿಸ್ತೀರಿ?"

"ಕೀಳಲ್ಲ ಕಣಪ್ಪ," ಎಂದೆ. "ಗಿಡದಲ್ಲೇ ಬಿಟ್ಟು ಆರತಿ ಎತ್ತುತ್ತೀವಿ."

ಅವನು ತಲೆಯಾಡಿಸಿ ಚೀಲ ಹೆಗಲಿಗೇರಿಸಿದ.