ಕರ, ಕಪಾಟು, ಮೇಲ್ವಿಚಾರಕರು: ಚಿತ್ರದುರ್ಗ ಸೀಮೆಯ ಸಾರ್ವಜನಿಕ ಹಾಗೂ ಶಾಲಾ ಗ್ರಂಥಾಲಯಗಳು

ಗ್ರಾಮ ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದವರ ಲೆಕ್ಕದಲ್ಲಿ ತೆರಿಗೆಯ ಮೊತ್ತದ ಜೊತೆಗೆ ನಾಲ್ಕು ಬಗೆಯ ಕರಗಳು ಸೇರಿರುತ್ತವೆ: ಆರೋಗ್ಯ, ಶಿಕ್ಷಣ, ಗ್ರಂಥಾಲಯ ಮತ್ತು ಭಿಕ್ಷುಕರ ಕರ. ಇವುಗಳಲ್ಲಿ ಗ್ರಂಥಾಲಯದ ಪಾಲು ನೂರಕ್ಕೆ ಆರು. ಸಾವಿರ ರೂಪಾಯಿ ತೆರಿಗೆ ಬೀಳುವ ಮನೆಯಿಂದ 60 ರೂಪಾಯಿ ಪುಸ್ತಕದ ಹೆಸರಿನಲ್ಲಿಯೇ ಹೋಗುತ್ತದೆ. ಹೊಸದುರ್ಗದ ತೆಂಗಿನ ತೋಟದವರೂ ಹಿರಿಯೂರಿನ ಹೆದ್ದಾರಿ ಬದಿಯ ಅಂಗಡಿಯವರೂ ಹೊಳಲ್ಕೆರೆಯ ಅಡಿಕೆ ಬೆಳೆಗಾರರೂ ಇದನ್ನು ಕಟ್ಟುತ್ತಾರೆ. ಅಕ್ಷರ ಬಾರದವರೂ ಕಟ್ಟುತ್ತಾರೆ. ಈ ಜಿಲ್ಲೆಯ ಗ್ರಂಥಾಲಯಗಳ ಕುರಿತ ಯಾವ ವಿಚಾರಣೆಯೂ ಈ 60 ರೂಪಾಯಿ ಎಲ್ಲಿಗೆ ಹೋಗುತ್ತದೆ, ಯಾವ ರೂಪದಲ್ಲಿ ಹಿಂತಿರುಗುತ್ತದೆ ಎಂಬ ಪ್ರಶ್ನೆಯಿಂದ ಶುರುವಾಗುವುದು ನ್ಯಾಯ.

ಕರದ ಮೂಲ 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಲ್ಲಿದೆ. ರಾಜ್ಯಗಳ ಪೈಕಿ ಮದ್ರಾಸು 1948ರಲ್ಲಿ, ಆಂಧ್ರಪ್ರದೇಶ 1960ರಲ್ಲಿ ಇಂಥ ಕಾಯಿದೆ ಮಾಡಿದ್ದವು. ಮೈಸೂರು ರಾಜ್ಯದ ಕಾಯಿದೆಯ ಹಿಂದೆ ಆಗ ಬೆಂಗಳೂರಿನಲ್ಲಿ ನೆಲೆಸಿದ್ದ ಎಸ್.ಆರ್. ರಂಗನಾಥನ್ ಅವರ ಚಿಂತನೆ ಇತ್ತು. ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದ್ದ ಅವರು 1962ರಲ್ಲಿ ಬೆಂಗಳೂರಿನಲ್ಲಿ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ್ದರು. ಸಾರ್ವಜನಿಕ ಗ್ರಂಥಾಲಯ ಇಲಾಖೆ 1966ರ ನವೆಂಬರ್ 1ರಂದು ಆರಂಭವಾಯಿತು. ಕಾಯಿದೆ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದ್ದ ಎಸ್. ನಿಜಲಿಂಗಪ್ಪನವರು. 1962ರ ಚುನಾವಣೆಯಲ್ಲಿ ಅವರು ಹೊಸದುರ್ಗದಲ್ಲಿ ಸೋತು, ಬಳಿಕ ಬಾಗಲಕೋಟೆಯಿಂದ ಗೆದ್ದು ಅಧಿಕಾರಕ್ಕೆ ಮರಳಿದ್ದರು. ಅದಾದ ಮೂರೇ ವರ್ಷಕ್ಕೆ, ಅವರನ್ನು ಸೋಲಿಸಿದ ತಾಲ್ಲೂಕೂ ಸೇರಿದಂತೆ ಇಡೀ ರಾಜ್ಯಕ್ಕೆ ಗ್ರಂಥಾಲಯ ಕಾನೂನಿನ ಮಾತಾಯಿತು.

ಅದಕ್ಕೂ ಮೊದಲು ಈ ಸೀಮೆಯಲ್ಲಿ ಓದು ಇರಲಿಲ್ಲವೆಂದಲ್ಲ. ಸಿರಿಗೆರೆಯ ತರಳಬಾಳು ಮಠ, ಚಿತ್ರದುರ್ಗದ ಮುರುಘಾಮಠಗಳ ಆಶ್ರಯದಲ್ಲಿ ಪುಸ್ತಕ, ವಿದ್ಯಾರ್ಥಿನಿಲಯ, ಶಾಲೆಗಳು ಬೆಳೆದವು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ‘ತಿರುಕ’ ಎಂಬ ಹೆಸರಿನಲ್ಲಿ ತಾವೇ ಬರೆದು, ಜೋಳಿಗೆ ಹಿಡಿದು ಸಂಸ್ಥೆ ನಡೆಸಿದರು. ಇವೆಲ್ಲ ದಾನಿಗಳ ಔದಾರ್ಯದ ಮೇಲೆ ನಿಂತಿದ್ದವು. ಕಾಯಿದೆ ಬಂದ ಮೇಲೆ ಓದುಗ ತೆರಿಗೆ ಕಟ್ಟಿ ಪುಸ್ತಕ ಕೇಳುವ ಹಕ್ಕುದಾರನಾದ. ಈ ಬದಲಾವಣೆಯ ತೂಕವನ್ನು ಕಡಿಮೆ ಎಣಿಸಬಾರದು.

ಹಣಕಾಸಿನ ಏರ್ಪಾಡಿನಲ್ಲಿ ಮಾತ್ರ ಒಂದು ಅಸಮತೋಲನ ಮೊದಲಿನಿಂದಲೂ ಉಳಿದಿದೆ. ಗ್ರಂಥಾಲಯ ಕರ ಕಟ್ಟಡವನ್ನು ಹಿಂಬಾಲಿಸುತ್ತದೆ, ಓದುಗನನ್ನಲ್ಲ. ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಕ್ಕೆ ಸರ್ಕಾರ ಕೊಡಬೇಕಾದ ವಾರ್ಷಿಕ ಅನುದಾನವನ್ನು ಕಾಯಿದೆ ಆಯಾ ಜಿಲ್ಲೆಯ ಭೂಕಂದಾಯದ ಶೇ 3ಕ್ಕೆ ಕಟ್ಟಿಹಾಕಿತು. ಮಳೆಯಾಶ್ರಿತ ಬೆದ್ದಲು ಹೊಲಗಳೇ ಹೆಚ್ಚಿರುವ ಚಿತ್ರದುರ್ಗದಲ್ಲಿ ಭೂಕಂದಾಯವೇ ತೆಳುವು. ಅದರ ಶೇ 3 ಇನ್ನೂ ತೆಳುವು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ನೀರು ಹಿರಿಯೂರು ಸುತ್ತಲಿನ ಒಂದಷ್ಟು ನೆಲವನ್ನು ಹಸಿರಾಗಿಸಿತೇ ಹೊರತು ಜಿಲ್ಲೆಯ ಬಹುಪಾಲು ಬರಗಾಲದ ಪಟ್ಟಿಯಲ್ಲಿಯೇ ಉಳಿಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 16.6 ಲಕ್ಷ, ಅದರಲ್ಲಿ ಶೇ 80ರಷ್ಟು ಜನ ಹಳ್ಳಿಗಳಲ್ಲಿದ್ದರು. ಸಾಕ್ಷರತೆ ಶೇ 73.7, ರಾಜ್ಯದ ಸರಾಸರಿಗಿಂತ ಸ್ವಲ್ಪ ಕೆಳಗೆ. ಪುಸ್ತಕದ ಅಗತ್ಯ ಹೆಚ್ಚಿರುವ ಕಡೆಯೇ ಕರ ಕಡಿಮೆ ಹುಟ್ಟುತ್ತದೆ. ಪಟ್ಟಣಗಳಲ್ಲಿ ಕಟ್ಟಡಗಳಿಂದ ಕರ ಚೆನ್ನಾಗಿ ಬರಬಹುದಾದರೂ, ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆ ವಸೂಲು ಮಾಡಿದ ಕರವನ್ನು ಗ್ರಂಥಾಲಯಗಳಿಗೆ ಸಕಾಲದಲ್ಲಿ ದಾಟಿಸದಿರುವುದು ರಾಜ್ಯದಾದ್ಯಂತ ಹಳೆಯ ತಕರಾರು. ಜನ ಒಂದು ಉದ್ದೇಶಕ್ಕೆಂದು ಕೊಟ್ಟ ಹಣ ಇನ್ನೊಂದು ಖಾತೆಯಲ್ಲಿ ಕೂರುವುದು ಲೆಕ್ಕಪತ್ರದ ಸಣ್ಣ ಲೋಪವೆಂದು ಬಿಟ್ಟುಬಿಡುವಂಥದ್ದಲ್ಲ.

ಇತ್ತೀಚಿನ ದೊಡ್ಡ ತಿರುವು 2019ರದು. ಆ ವರ್ಷ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಆಡಳಿತ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋಯಿತು. ಜಿಲ್ಲಾ ಕೇಂದ್ರ ಗ್ರಂಥಾಲಯ ಮತ್ತು ತಾಲ್ಲೂಕು ಕೇಂದ್ರಗಳ ಶಾಖೆಗಳು ಹಳೆಯ ಇಲಾಖೆಯಲ್ಲೇ ಉಳಿದವು. ವರ್ಗೀಕರಣ, ಸೂಚೀಕರಣಗಳ ಅನುಭವವಿದ್ದ ಇಲಾಖೆಯ ಕೈಯಿಂದ ರಸ್ತೆ, ಚರಂಡಿ, ಉದ್ಯೋಗ ಖಾತ್ರಿ ನೋಡಿಕೊಳ್ಳುವ ಇಲಾಖೆಗೆ ಪುಸ್ತಕ ಕೊಡುವುದೆಂದರೆ ಗ್ರಂಥಾಲಯ ವೃತ್ತಿಯವರಿಗೆ ಆತಂಕವಾದದ್ದು ಸಹಜ. ಆದರೆ ಫಲಿತಾಂಶವನ್ನು ಹತ್ತಿರದಿಂದ ನೋಡಿದರೆ ಆ ಆತಂಕದ ಒಂದು ಭಾಗವಷ್ಟೇ ನಿಜವಾಯಿತೆನ್ನಬೇಕು. ಹಳ್ಳಿ ಗ್ರಂಥಾಲಯಕ್ಕೆ ಬಹುಕಾಲದಿಂದ ಇಲ್ಲದಿದ್ದದ್ದು ಗೋಡೆ, ವಿದ್ಯುತ್, ಕುರ್ಚಿ, ಶೌಚಾಲಯ. ಇವು ಪಂಚಾಯಿತಿ ಕೊಡಬಲ್ಲ ವಸ್ತುಗಳು. ಹಿಂದೆ ಬಾಡಿಗೆ ಕೋಣೆಯಲ್ಲೋ ಸಮುದಾಯ ಭವನದ ಮೂಲೆಯಲ್ಲೋ ಇದ್ದ ಎಷ್ಟೋ ಗ್ರಂಥಾಲಯಗಳಿಗೆ ಸುಣ್ಣಬಣ್ಣ ಬಂತು, ಗೋಡೆಯ ಮೇಲೆ ಚಿತ್ರಗಳು ಬಂದವು, ‘ಅರಿವು ಕೇಂದ್ರ’ ಎಂಬ ಹೊಸ ಹೆಸರು ಬಂತು.

ಹೆಸರಿಗಿಂತ ಮುಖ್ಯವಾದದ್ದು ಓದುಗರ ವಯಸ್ಸು. ಹಳ್ಳಿಯ ವಾಚನಾಲಯವೆಂದರೆ ಬೆಳಗಿನ ಪತ್ರಿಕೆಯ ಪುಟಗಳನ್ನು ಹಂಚಿಕೊಂಡು ಓದುವ ಗಂಡಸರ ಮೇಜು ಎಂಬುದೇ ರೂಢಿಯಾಗಿತ್ತು. 2020ರ ಮಕ್ಕಳ ದಿನಾಚರಣೆಯಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ವರ್ಷ ಅದು. ಹಳ್ಳಿಯ ಮಕ್ಕಳಿಗೆ ಪಠ್ಯದ ಹೊರಗಿನ ಪುಸ್ತಕ ಸಿಗಬಹುದಾಗಿದ್ದ ಹತ್ತಿರದ ಜಾಗ ಪಂಚಾಯಿತಿ ಗ್ರಂಥಾಲಯವೊಂದೇ. ಚಾಪೆ ಹಾಸಿದ ಮಕ್ಕಳ ಮೂಲೆ, ನೆಲದಲ್ಲಿ ಕೂತವರ ಕೈಗೆಟುಕುವ ತಗ್ಗಿನ ಕಪಾಟು ಆಮೇಲೆ ಬಂದವು. ಕಪಾಟಿನ ಎತ್ತರ ಕ್ಷುಲ್ಲಕವೆನಿಸಬಹುದು. ಆದರೆ ಎಂಟು ವರ್ಷದ ಹುಡುಗಿ ಯಾರನ್ನೂ ಕೇಳದೆ ಪುಸ್ತಕ ಎಳೆದು, ಚಿತ್ರ ನೋಡಿ, ಬೇಡವೆನಿಸಿದರೆ ಮತ್ತೆ ತುರುಕಿ ಇನ್ನೊಂದನ್ನು ಎಳೆಯಬಲ್ಲಳೇ ಇಲ್ಲವೇ ಎಂಬುದು ಆ ಎತ್ತರದಿಂದಲೇ ತೀರ್ಮಾನವಾಗುತ್ತದೆ. ರಂಗನಾಥನ್ ಜೀವನವಿಡೀ ವಾದಿಸಿದ ಮುಕ್ತ ಪ್ರವೇಶವೆಂದರೆ ಇದೇ.

ಕಪಾಟಿನೊಳಗೆ ಏನಿದೆ ಎಂಬುದು ಬೇರೆ ಮಾತು. ರಾಜ್ಯದ ಏಕಗವಾಕ್ಷಿ ಖರೀದಿಯಲ್ಲಿ ಆಯ್ಕೆಯಾದ ಪ್ರತಿ ಕನ್ನಡ ಪುಸ್ತಕದ 300 ಪ್ರತಿಗಳನ್ನು ಕೊಳ್ಳುವ ಪದ್ಧತಿ ಸಣ್ಣ ಪ್ರಕಾಶಕರನ್ನು ಉಳಿಸಿದೆ. ಖರೀದಿ, ಪಾವತಿಗಳು ತಡವಾದಾಗಲೆಲ್ಲ ಅವರೇ ಮೊದಲು ಕಂಗೆಡುತ್ತಾರೆ. ಆದರೆ ಕೇಂದ್ರದಲ್ಲಿ ಆರಿಸಿ ಕೆಳಗೆ ಹಂಚುವ ಕ್ರಮದಲ್ಲಿ ಆಯಾ ನೆಲದ ಓದುಗ ತನಗೇನು ಬೇಕೆಂದು ಹೇಳುವ ಬಾಗಿಲು ಕಿರಿದು. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ತ.ರಾ.ಸು. ಅವರ ‘ದುರ್ಗಾಸ್ತಮಾನ’, ಬಿ.ಎಲ್. ವೇಣು ಅವರ ಐತಿಹಾಸಿಕ ಕಾದಂಬರಿಗಳು, ಹುಲ್ಲೂರು ಶ್ರೀನಿವಾಸ ಜೋಯಿಸರ ಇತಿಹಾಸ ಸಂಶೋಧನೆ ಇವೆಲ್ಲ ದುರ್ಗದ ಹಳ್ಳಿಯ ಕಪಾಟಿನಲ್ಲಿ ಇರಲೇಬೇಕಾದವು. ಅವು ಇರುತ್ತವೆಯೇ ಎಂಬುದು ಪಟ್ಟಿ ಮಾಡುವವರ ನೆನಪಿಗೆ ಬಿಟ್ಟ ವಿಷಯವಾಗಬಾರದು. ಪ್ರತಿ ತಾಲ್ಲೂಕು ಶಾಖೆಯಲ್ಲೂ ಒಂದು ಸ್ಥಳೀಯ ಸಂಗ್ರಹ ಬೇಕು. ಕಾಡುಗೊಲ್ಲರ ಹಟ್ಟಿಗಳ ಪದ, ಜುಂಜಪ್ಪನ ಕಾವ್ಯ, ಲಂಬಾಣಿ ತಾಂಡಾಗಳ ಹಾಡು ಅದರಲ್ಲಿ ಧ್ವನಿಯ ರೂಪದಲ್ಲಿಯೂ ಸೇರಬೇಕು.

ಶಾಲಾ ಗ್ರಂಥಾಲಯದ ಕಥೆ ಬೇರೆ ದಾರಿಯಲ್ಲಿ ನಡೆದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕ ಮತ್ತು ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದು ಹೇಳುತ್ತದೆ. 2018ರಿಂದ ಸಮಗ್ರ ಶಿಕ್ಷಣ ಯೋಜನೆ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ ನಿಗದಿ ಮಾಡಿದೆ. ಕಾಯಿದೆಯಲ್ಲಿ ಪುಸ್ತಕವಿದೆ, ಯೋಜನೆಯಲ್ಲಿ ಹಣವಿದೆ. ಗ್ರಂಥಪಾಲಕ ಮಾತ್ರ ಎರಡರಲ್ಲೂ ಇಲ್ಲ. ಆ ಕೆಲಸ ಯಾರೋ ಒಬ್ಬ ಶಿಕ್ಷಕರ ಹೆಚ್ಚುವರಿ ಹೊಣೆಯಾಗಿ ಬರುತ್ತದೆ.

ಆ ಹೊಣೆ ಹೇಗಿರುತ್ತದೆಂದು ತಿಳಿಯಲು ಮುಖ್ಯಶಿಕ್ಷಕರ ಕೋಣೆಯ ಕಬ್ಬಿಣದ ಬೀರುವನ್ನು ನೋಡಿದರೆ ಸಾಕು. ಪುಸ್ತಕಗಳು ಅದರೊಳಗೆ ಸಾಲಾಗಿ, ಹೊಸ ಕಾಗದದ ವಾಸನೆ ಕಳೆಯದೆ ನಿಂತಿರುತ್ತವೆ. ಬೀಗದ ಕೈ ಶಿಕ್ಷಕರ ಬಳಿ. ಪ್ರತಿ ಪುಸ್ತಕವೂ ಮೇಜು, ಬೆಂಚು, ಗಡಿಯಾರಗಳಂತೆ ಸ್ಟಾಕ್ ರಿಜಿಸ್ಟರಿನಲ್ಲಿ ಏರಿದೆ. ವರ್ಗಾವಣೆಯಾದಾಗ ಚಾರ್ಜ್ ಕೊಡುವವರು ಎಣಿಸಿ ಕೊಡಬೇಕು, ತೆಗೆದುಕೊಳ್ಳುವವರು ಎಣಿಸಿಕೊಳ್ಳಬೇಕು. ಕಡಿಮೆ ಬಿದ್ದದ್ದಕ್ಕೆ ಉತ್ತರ ಹೇಳಬೇಕು. ಹೀಗಿರುವಾಗ ಮೂರನೇ ತರಗತಿಯ ಮಗುವಿನ ಕೈಗೆ ಪುಸ್ತಕ ಕೊಟ್ಟು ಮನೆಗೆ ಕಳಿಸುವ ಶಿಕ್ಷಕಿ ತನ್ನ ಸಂಬಳದ ಮೇಲೆಯೇ ಆ ಧೈರ್ಯ ಮಾಡಬೇಕಾಗುತ್ತದೆ. ಬೀಗಕ್ಕೆ ಕಾರಣ ಶಿಕ್ಷಕರ ಉದಾಸೀನವೆಂದು ದೂರುವವರು ಈ ರಿಜಿಸ್ಟರನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಇದಕ್ಕೆ ಪರಿಹಾರದ ದಾರಿ ತೋರಿಸಿವೆ: ವರ್ಷದಲ್ಲಿ ಎರವಲು ಹೋದ ಅಥವಾ ಪರಾಮರ್ಶಿಸಿದ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದುಹೋದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದ ಪಕ್ಷದಲ್ಲಿ, ಅದು ಸಹಜ ನಷ್ಟ. ಹಳ್ಳಿ ಶಾಲೆಯ ಬೀರುವಿಗೂ ಇಂಥ ವಿನಾಯಿತಿಯನ್ನು ಸ್ಪಷ್ಟವಾಗಿ ಬರೆದುಕೊಟ್ಟರೆ ಅನೇಕ ಬೀಗಗಳು ತಾವಾಗಿ ತೆರೆದುಕೊಳ್ಳುತ್ತವೆ. ಮಕ್ಕಳ ಕೈಯಲ್ಲಿ ಹರಿದ ಪುಸ್ತಕ ಬಳಕೆಯಾದ ಪುಸ್ತಕ.

ಮುದ್ರಿತ ಪುಸ್ತಕದ ಜೊತೆಗೆ ಬಾನುಲಿ, ದೂರದರ್ಶನ, ಮೊಬೈಲುಗಳೂ ಶಾಲೆಗೆ ಬಂದಿವೆ. ಪರದೆಗಿಂತ ಮೊದಲು ಬಂದದ್ದು ಧ್ವನಿ. ‘ಕೇಳಿ ಕಲಿ’ ಮತ್ತು ‘ಚಿಣ್ಣರ ಚುಕ್ಕಿ’ ಬಾನುಲಿ ಪಾಠಗಳು ಆಕಾಶವಾಣಿಯ ಮೂಲಕ ತರಗತಿಗಳನ್ನು ತಲುಪಿದವು. ಚಿತ್ರದುರ್ಗಕ್ಕೆ ತನ್ನದೇ ಆಕಾಶವಾಣಿ ಕೇಂದ್ರವಿದೆ. 2020ರ ಜುಲೈನಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಯೋಜನೆಯಡಿ ಶಿಕ್ಷಕರು ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಟಿ.ವಿ. ಇಲ್ಲದ ಮನೆ, ಒಂದೇ ಮೊಬೈಲಿರುವ ಮನೆ, ಆ ಮೊಬೈಲೂ ಕೂಲಿಗೆ ಹೋದ ಅಪ್ಪನ ಜೇಬಿನಲ್ಲಿರುವ ಮನೆ ಎಷ್ಟೆಂಬುದು ಆಗ ಎಲ್ಲರ ಕಣ್ಣಿಗೂ ಬಿತ್ತು. ಅದೇ 2020ರಲ್ಲಿ ಬಂದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಂದಿನ ದೀಕ್ಷಾ ಪಾಠಗಳು ಮೊಬೈಲಿದ್ದವರಿಗೆ ದಕ್ಕಿದವು. ಆದ್ದರಿಂದ ಅರಿವು ಕೇಂದ್ರಗಳಿಗೆ ಕಂಪ್ಯೂಟರ್, ಸ್ಮಾರ್ಟ್‌ಫೋನು ಕೊಟ್ಟ ‘ಗ್ರಾಮ ಡಿಜಿ ವಿಕಸನ’ದಂಥ ಕಾರ್ಯಕ್ರಮದ ಬೆಲೆ ಯಂತ್ರದಲ್ಲಿಲ್ಲ, ಆ ಯಂತ್ರ ಯಾರೊಬ್ಬರ ಸ್ವಂತದ್ದೂ ಅಲ್ಲದಿರುವುದರಲ್ಲಿದೆ. ಡಿಜಿಟಲ್ ವಸ್ತು ಹೊರಗಿನಿಂದಲೇ ಬರಬೇಕೆಂದೂ ಇಲ್ಲ: ಸಾವಿರಾರು ವಚನಗಳನ್ನು ಪದಪದವಾಗಿ ಹುಡುಕಲು ಬರುವ ವಚನ ಸಂಪುಟದ ಆ್ಯಪ್ ರೂಪುಗೊಂಡಿದ್ದು ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯಿಂದ.

ಪಟ್ಟಣದ ಗ್ರಂಥಾಲಯಗಳನ್ನು ಇಂದು ತುಂಬಿರುವವರು ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು. ತಮ್ಮದೇ ಪುಸ್ತಕ, ನೀರಿನ ಬಾಟಲಿ ತಂದು ದಿನವಿಡೀ ಕೂರುತ್ತಾರೆ; ಅವರಿಗೆ ಬೇಕಾದದ್ದು ಕುರ್ಚಿ, ಬೆಳಕು, ಮೌನ. ಇದನ್ನು ಗ್ರಂಥಾಲಯದ ದುರ್ಬಳಕೆ ಎಂದು ಮೂಗು ಮುರಿಯುವುದು ತಪ್ಪು. ಮನೆಯಲ್ಲಿ ಓದಲು ಮೂಲೆಯಿಲ್ಲದ ಯುವಕ ಯುವತಿಯರಿಗೆ ಊರು ಕೊಡಬಹುದಾದ ಕೋಣೆ ಅದೊಂದೇ.

ಇಷ್ಟೆಲ್ಲ ಏರ್ಪಾಡು ಕೊನೆಗೆ ಬಂದು ನಿಲ್ಲುವುದು ಗ್ರಂಥಾಲಯ ಮೇಲ್ವಿಚಾರಕರ ಮೇಲೆ. ವರ್ಷಗಟ್ಟಲೆ ಅರೆಕಾಲಿಕ ಕೆಲಸ, ಗೌರವಧನದಲ್ಲಿ ದುಡಿದ ಇವರು ಈಗ ಬಾಗಿಲು ತೆರೆಯುವುದರಿಂದ ಹಿಡಿದು ಮಕ್ಕಳ ನೋಂದಣಿ, ಕಥೆ ಓದಿಸುವುದು, ಕಂಪ್ಯೂಟರ್ ಕಲಿಸುವುದು, ಪಂಚಾಯಿತಿಗೆ ವರದಿ ಕೊಡುವವರೆಗೆ ಎಲ್ಲವನ್ನೂ ಮಾಡುತ್ತಾರೆ. ಕನಿಷ್ಠ ವೇತನ ಮತ್ತು ಸೇವಾ ಭದ್ರತೆ ಇವರ ಬಹುಕಾಲದ ಬೇಡಿಕೆ. ಕೆಲಸದ ಹರವು ಬೆಳೆದಂತೆ ಅದು ಇನ್ನಷ್ಟು ನ್ಯಾಯಯುತವಾಗಿದೆ. ಜಿಲ್ಲೆಯ ಹಟ್ಟಿ, ತಾಂಡಾಗಳು ಸಾಮಾನ್ಯವಾಗಿ ಪಂಚಾಯಿತಿ ಕೇಂದ್ರದಿಂದ ದೂರ ಇರುತ್ತವೆ. ಅಲ್ಲಿನ ಮಗು ವಾರದ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ಹೊಲದ ದಾರಿ ಹಿಡಿದು ಗ್ರಂಥಾಲಯಕ್ಕೆ ಹೋಗಿ ಕತ್ತಲಾಗುವ ಮುನ್ನ ಮನೆ ಸೇರುವುದು ಆಗದ ಮಾತು. ಅದಕ್ಕೆ ಬಿಡುವಿರುವುದು ಶನಿವಾರ ಮಧ್ಯಾಹ್ನ ಮತ್ತು ಭಾನುವಾರ. ಸಾರ್ವಜನಿಕ ಗ್ರಂಥಾಲಯಗಳಿಗೆ ಸೋಮವಾರ ವಾರದ ರಜೆ ಇಟ್ಟ ಹಳೆಯ ಪದ್ಧತಿ ಈ ಮಕ್ಕಳ ಪಾಲಿಗೆ ಬಹಳ ದೊಡ್ಡ ಅನುಕೂಲ. ಉಳಿದ ಐದಾರು ದಿನಗಳಿಗೆ ಶಾಲೆಯ ಬೀರುವೇ ಗತಿ. ಮೇಲ್ವಿಚಾರಕರು ತಿಂಗಳಿಗೊಮ್ಮೆ ಪುಸ್ತಕಗಳ ಕಟ್ಟನ್ನು ಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆಗೆ ಒಯ್ದು, ಹಿಂದಿನ ಕಟ್ಟನ್ನು ಮರಳಿ ತರುವ ಏರ್ಪಾಡಿಗೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಶಾಲಾ ಶಿಕ್ಷಣ ಮತ್ತು ಗ್ರಾಮೀಣಾಭಿವೃದ್ಧಿ ಇಲಾಖೆಗಳು ಕೂಡಿ ಹೊರಡಿಸುವ ಒಂದು ಸುತ್ತೋಲೆ, ಮೇಲ್ವಿಚಾರಕರಿಗೆ ಪ್ರಯಾಣ ಭತ್ಯೆ, ಇಬ್ಬರೂ ಸಹಿ ಹಾಕುವ ಒಂದು ವಹಿ ಇಷ್ಟು ಬೇಕು.