ಕರಾರುಭಂಗದ ನಷ್ಟ

ಕರಾರಿಗೆ ಒಳಪಟ್ಟ ಇಬ್ಬರಲ್ಲಿ ಒಬ್ಬರು ಮಾತಿಗೆ ತಪ್ಪಿದಾಗ ಇನ್ನೊಬ್ಬರಿಗೆ ಉಂಟಾಗುವ ಹಾನಿಯನ್ನು ಕರಾರುಭಂಗದ ನಷ್ಟ ಎಂದು ಕರೆಯುತ್ತಾರೆ. ಆದ ನಷ್ಟವೆಲ್ಲಕ್ಕೂ ಕಾನೂನು ಪರಿಹಾರ ಕೊಡಿಸುವುದಿಲ್ಲ. ಕರಾರು ಮಾಡಿಕೊಳ್ಳುವ ವೇಳೆಗೆ ಉಭಯ ಪಕ್ಷಗಳಿಗೆ ಏನು ತಿಳಿದಿತ್ತು ಎಂಬುದೇ ಇಲ್ಲಿ ಮುಖ್ಯ ಅಳತೆಗೋಲು. ಭಾರತದಲ್ಲಿ ಈ ವಿಷಯವು 1872ರ ಭಾರತೀಯ ಕರಾರು ಅಧಿನಿಯಮದ 73 ಮತ್ತು 74ನೆಯ ಕಲಂಗಳಿಗೆ ಒಳಪಟ್ಟಿದೆ.

ಹಿನ್ನೆಲೆ

ಈ ಅಳತೆಗೋಲಿನ ಮೂಲ 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಎಂಬ ಇಂಗ್ಲೆಂಡಿನ ಮೊಕದ್ದಮೆ. ಗ್ಲಾಸ್ಟರ್ ನಗರದ ಹಿಟ್ಟಿನ ಗಿರಣಿಯೊಂದರಲ್ಲಿ ಉಗಿಯಂತ್ರದ ಕ್ರ್ಯಾಂಕ್ ಶಾಫ್ಟ್ ಮುರಿಯಿತು. ಹೊಸದಕ್ಕೆ ಮಾದರಿಯಾಗಿ ಅದನ್ನು ಗ್ರೀನಿಚ್‌ಗೆ ಕಳುಹಿಸಲಾಯಿತು. ಸಾಗಣೆದಾರರು ತಡಮಾಡಿದ್ದರಿಂದ ಗಿರಣಿ ಇನ್ನೂ ಕೆಲವು ದಿನ ನಿಂತಿತು. ಗಿರಣಿಯವರು ಆ ದಿನಗಳ ಲಾಭವನ್ನು ಕೇಳಿದರು. ಗಿರಣಿಯವರ ಬಳಿ ಇನ್ನೊಂದು ಶಾಫ್ಟ್ ಇದ್ದಿರಬಹುದಾಗಿತ್ತು. ಈ ಶಾಫ್ಟ್ ಬಾರದೆ ಗಿರಣಿ ನಡೆಯದೆಂಬ ವಿಶೇಷ ಸಂಗತಿ ಸಾಗಣೆದಾರರಿಗೆ ತಿಳಿದಿರಲಿಲ್ಲ ಎಂದು ಪರಿಗಣಿಸಿದ ನ್ಯಾಯಾಲಯವು ಮರುವಿಚಾರಣೆಗೆ ಆದೇಶಿಸಿತು.

ನಷ್ಟದ ವಿಧಗಳು

ನೇರ ನಷ್ಟ: ಕರಾರುಭಂಗದಿಂದ ಸಹಜವಾಗಿ ಯಾರಿಗಾದರೂ ಆಗಬಹುದಾದ ನಷ್ಟ. ಒಪ್ಪಿದ ಬೆಲೆಗೆ ಸರಕು ದೊರೆಯದೆ, ಪೇಟೆಯಲ್ಲಿ ಹೆಚ್ಚು ಕೊಟ್ಟು ಕೊಳ್ಳಬೇಕಾಗಿ ಬಂದ ವ್ಯತ್ಯಾಸದ ಹಣ ಇದಕ್ಕೆ ಉದಾಹರಣೆ.

ವಿಶೇಷ ನಷ್ಟ: ವಿಶಿಷ್ಟ ಸಂದರ್ಭದಿಂದ ಆಗುವ ನಷ್ಟ. ಆ ಸಂದರ್ಭವು ಕರಾರಿನ ವೇಳೆಯಲ್ಲೇ ಎದುರು ಪಕ್ಷಕ್ಕೆ ತಿಳಿದಿದ್ದರೆ ಮಾತ್ರ ಪರಿಹಾರ ಸಲ್ಲುತ್ತದೆ.

ದೂರದ ನಷ್ಟ: ಈ ಎರಡರಲ್ಲಿಯೂ ಸೇರದ ಪರೋಕ್ಷ ನಷ್ಟ. 73ನೆಯ ಕಲಮಿನ ಪ್ರಕಾರ ಇದಕ್ಕೆ ಪರಿಹಾರವಿಲ್ಲ.

ಅದೇ ಕಲಮಿನ ದೃಷ್ಟಾಂತವೊಂದು ಈ ಭೇದವನ್ನು ಸ್ಪಷ್ಟಪಡಿಸುತ್ತದೆ. ಯಂತ್ರವಿಲ್ಲದೆ ಗಿರಣಿ ನಿಂತಿದೆ ಎಂದು ತಿಳಿಸಿಯೇ ಒಬ್ಬನು ಯಂತ್ರವನ್ನು ಸಾಗಣೆದಾರನಿಗೆ ಒಪ್ಪಿಸುತ್ತಾನೆ. ವಿಳಂಬವಾಗಿ ಗಿರಣಿಯ ದುಡಿಮೆಯೂ ಸರ್ಕಾರದೊಡನೆ ಆಗಬೇಕಿದ್ದ ಲಾಭದಾಯಕ ಗುತ್ತಿಗೆಯೂ ತಪ್ಪುತ್ತವೆ. ಗಿರಣಿ ನಡೆದಿದ್ದರೆ ಬರುತ್ತಿದ್ದ ಸರಾಸರಿ ಲಾಭ ಅವನಿಗೆ ಸಲ್ಲುತ್ತದೆ. ಗುತ್ತಿಗೆ ತಪ್ಪಿದ ನಷ್ಟ ಸಲ್ಲದು.

ನಷ್ಟವನ್ನು ತಗ್ಗಿಸಲು ಲಭ್ಯವಿದ್ದ ಮಾರ್ಗಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ಈ ಕಲಮಿನ ವಿವರಣೆ ಹೇಳುತ್ತದೆ. ಕೈಕಟ್ಟಿ ಕುಳಿತು ನಷ್ಟವನ್ನು ಬೆಳೆಯಗೊಟ್ಟವರಿಗೆ ಪೂರ್ಣ ಪರಿಹಾರ ದೊರೆಯದು.

ಮೊದಲೇ ನಿಗದಿಪಡಿಸಿದ ಮೊತ್ತ

ತಪ್ಪಿದರೆ ಇಷ್ಟು ಹಣ ಕೊಡಬೇಕೆಂದು ಕರಾರಿನಲ್ಲಿಯೇ ಬರೆಯುವುದುಂಟು. 74ನೆಯ ಕಲಮಿನಂತೆ ಆ ಮೊತ್ತವು ಗರಿಷ್ಠ ಮಿತಿ. ಅದರೊಳಗೆ ನ್ಯಾಯೋಚಿತವಾದಷ್ಟೇ ದೊರೆಯುತ್ತದೆ. 1963ರ ಫತೇಚಂದ್ ವಿರುದ್ಧ ಬಾಲಕಿಶನ್ ದಾಸ್ ಮೊಕದ್ದಮೆಯಲ್ಲಿ, ಸ್ವತ್ತನ್ನು ಮಾರಲು ಒಪ್ಪಿದ್ದವನು 25,000 ರೂಪಾಯಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದೆಂಬ ಷರತ್ತಿತ್ತು. ಮುಂಗಡದ 1,000 ರೂಪಾಯಿಯನ್ನು ಅವನು ಇಟ್ಟುಕೊಳ್ಳಬಹುದು, ನಷ್ಟ ರುಜುವಾತಾಗದೆ ಉಳಿದ 24,000 ರೂಪಾಯಿಯನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ನಷ್ಟವನ್ನು ರುಜುವಾತುಪಡಿಸುವುದೇ ಕಷ್ಟವಾದಲ್ಲಿ, ಪ್ರಾಮಾಣಿಕ ಪೂರ್ವ ಅಂದಾಜಾದ ಮೊತ್ತವನ್ನು ಕೊಡಿಸಬಹುದೆಂದು 2003ರ ಒಎನ್‌ಜಿಸಿ ವಿರುದ್ಧ ಸಾ ಪೈಪ್ಸ್ ತೀರ್ಪು ಹೇಳುತ್ತದೆ.

ಹೊಣೆಯನ್ನು ಹೊರಗಿಡುವ ಷರತ್ತುಗಳು

ಪರೋಕ್ಷ ನಷ್ಟಕ್ಕೆ ಹೊಣೆಯಲ್ಲ ಎಂಬ ವಾಕ್ಯ ವಾಣಿಜ್ಯ ಕರಾರುಗಳಲ್ಲಿ ಸಾಮಾನ್ಯ. ಇದರಿಂದ ಲಾಭನಷ್ಟವೆಲ್ಲವೂ ಹೊರಗುಳಿಯಿತೆಂದು ಭಾವಿಸುವುದು ಸರಿಯಲ್ಲ. ಕರಾರುಭಂಗದಿಂದ ಸಹಜವಾಗಿ ಕೈತಪ್ಪಿದ ಲಾಭವೂ ನೇರ ನಷ್ಟವಾಗಬಲ್ಲದು. 1949ರ ಇಂಗ್ಲೆಂಡಿನ ವಿಕ್ಟೋರಿಯಾ ಲಾಂಡ್ರಿ ಮೊಕದ್ದಮೆಯಲ್ಲಿ ಬಾಯ್ಲರ್ ತಡವಾಗಿ ಬಂದುದಕ್ಕೆ ಬಟ್ಟೆ ಒಗೆಯುವ ಸಂಸ್ಥೆಯ ಸಾಮಾನ್ಯ ಲಾಭಕ್ಕೆ ಪರಿಹಾರವನ್ನು ಒಪ್ಪಲಾಯಿತು. ಮಾರಾಟಗಾರರಿಗೆ ತಿಳಿದಿರದ, ಬಣ್ಣ ಹಾಕುವ ವಿಶೇಷ ಗುತ್ತಿಗೆಗಳ ಅಧಿಕ ಲಾಭಕ್ಕೆ ಒಪ್ಪಲಿಲ್ಲ. ಇದಕ್ಕೆ ವಿರುದ್ಧವಾಗಿ, ಲಾಭನಷ್ಟ ಎಂಬ ಪದವನ್ನೇ ಪ್ರತ್ಯೇಕವಾಗಿ ಹೆಸರಿಸಿ ಹೊರಗಿಟ್ಟ ಷರತ್ತಿಗೆ ಸಹಿ ಹಾಕಿದವರು ನೇರವಾದ ಲಾಭನಷ್ಟವನ್ನೂ ಕಳೆದುಕೊಳ್ಳಬಹುದು. ಆದಕಾರಣ ವಿಶೇಷ ಅಗತ್ಯವಿದ್ದವರು ಅದನ್ನು ಸಹಿಗೆ ಮುಂಚೆಯೇ ಬರಹದಲ್ಲಿ ತಿಳಿಸಿರುವುದು ಮಹತ್ವದ್ದಾಗುತ್ತದೆ. ಸಹಿಯ ನಂತರ ತಿಳಿಸಿದ ಸಂಗತಿ ಈ ಅಳತೆಗೋಲಿಗೆ ಒದಗುವುದಿಲ್ಲ.